ತಳದಿಂದ ತೆಗೆದ ಮಾದರಿ: ಕೊ ತಾವ್ ದ್ವೀಪದಲ್ಲಿ ಡೈವ್ ಕಂಪ್ಯೂಟರ್ ಖರೀದಿ

ಎರಡು ಡೈವ್ ಕಂಪ್ಯೂಟರುಗಳಿಗೆ ನನಗೆ ಬಿದ್ದ ಒಟ್ಟು ಖರ್ಚು ಇಪ್ಪತ್ತೆರಡು ಸಾವಿರ ರೂಪಾಯಿ ಮತ್ತು ಒಂದು ಡಬ್ಬಿ ಶೇಂಗಾ ಹಿಂಡಿ. ಇದರಲ್ಲಿ ಮೂರು ಸಾವಿರ ನನ್ನ ಬುದ್ಧಿವಂತಿಕೆಗೆ ತೆತ್ತದ್ದು. ಬುದ್ಧಿವಂತಿಕೆ ಸ್ವಲ್ಪ ಕಡಿಮೆ ಇದ್ದಿದ್ದರೆ ಅಷ್ಟೂ ಉಳಿಯುತ್ತಿತ್ತು. ಶೇಂಗಾ ಹಿಂಡಿ ಅಂದರೆ ನಮ್ಮ ಕಡೆಯ ಶೇಂಗಾ ಚಟ್ನಿಪುಡಿ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡೈವ್ ಕಂಪ್ಯೂಟರ್ ಅಂದ ಕೂಡಲೇ ಟೇಬಲ್ಲಿನ ಮೇಲಿನ ಪೆಟ್ಟಿಗೆಯನ್ನು ನೆನೆಸಿಕೊಳ್ಳಬೇಡಿ. ಇದು ಮಣಿಕಟ್ಟಿಗೆ ಕಟ್ಟುವ ದಪ್ಪ ಗಡಿಯಾರ. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಸಮುದ್ರಕ್ಕಿಳಿಯುವವರಿಗೆ ಬೇಕಾದದ್ದು. ಎಷ್ಟು ಆಳದಲ್ಲಿದ್ದೀರಿ, ಇಳಿದು ಎಷ್ಟು ಹೊತ್ತಾಯಿತು, ಇನ್ನೆಷ್ಟು ನಿಮಿಷ ಇರಬಹುದು ಎಂದು ಅದು ಹೇಳುತ್ತದೆ. ಆಳದಲ್ಲಿ ಎಳೆದುಕೊಂಡ ಗಾಳಿ ಮೈಯೊಳಗೆ ಕರಗಿ ಕೂತಿರುತ್ತದಂತೆ. ಹೆಚ್ಚು ಹೊತ್ತು ಇದ್ದು, ದಡಬಡ ಮೇಲೆ ಬಂದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಆಸ್ಪತ್ರೆ. ಹಾಗಾಗಿ ಇದು ಶೋಕಿಯ ಮಾಲಲ್ಲ, ಪ್ರಾಣದ ಮಾಲು.

ಪುಣೆ: ಈಜುಕೊಳ

ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ನನ್ನದು ಮೆಣಸಿನಕಾಯಿ ದಲಾಲಿ. ಬ್ಯಾಡಗಿ ಕಡೆಯಿಂದ ಬಂದು ಇನ್ನೊಬ್ಬರ ಅಂಗಡಿಯಲ್ಲಿ ಮೂಟೆ ಎಣಿಸುತ್ತಿದ್ದವನು ಈಗ ನನ್ನದೇ ಗಾದಿಯ ಮೇಲೆ ಕೂರುತ್ತೇನೆ. ಜಂಭಕ್ಕೆ ಹೇಳಿದ್ದಲ್ಲ, ನಮ್ಮ ದಂಧೆಯ ಒಂದು ರೂಢಿ ತಿಳಿಸುವುದಕ್ಕೆ ಹೇಳಿದೆ. ಮೂಟೆಯ ಬಾಯಿಯಲ್ಲಿರುವ ಕಾಯಿ ನೋಡಿ ನಾವು ದರ ಕಟ್ಟುವುದಿಲ್ಲ. ಬಾಯಿಯಲ್ಲಿ ಎಲ್ಲರೂ ಕೆಂಪನೆಯ ಕಾಯಿಯನ್ನೇ ತುಂಬಿರುತ್ತಾರೆ. ಅಂಗಿಯ ತೋಳು ಮೇಲೇರಿಸಿ, ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು ಮುರಿದು ಮೂಸಿ ನೋಡಬೇಕು. ಬೀಜದ ಸದ್ದು ಕೇಳಬೇಕು. ಆಮೇಲೆ ಮಾತು. ಈ ರೂಢಿ ಬಿಟ್ಟು ನಾನು ಮಾಡಿದ ಖರೀದಿ ಒಂದೇ, ಅದೂ ಪರದೇಶದಲ್ಲಿ.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಶೈಲಾಳ ಮೊಣಕಾಲು. ನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಅವಳು ಬೆಳಗಿನ ಮಹಿಳಾ ಬ್ಯಾಚಿಗೆ ಹೋಗತೊಡಗಿದಳು. ಅದೇ ಕೊಳದಲ್ಲಿ ರವಿವಾರ ಮಧ್ಯಾಹ್ನ ಮಿಲಿಂದ ಎಂಬ ತರುಣ ಡೈವಿಂಗ್ ಕಲಿಸುತ್ತಿದ್ದ. ಒಂದು ರವಿವಾರ ಶೈಲಾ ಒದ್ದೆ ಜಡೆ ಹಿಂಡುತ್ತಾ ಮನೆಗೆ ಬಂದಳು.

“ನಾ ಇವತ್ತು ನೀರಿನ ತಳದಾಗ ಕೂತಿದ್ದೆ, ಗೊತ್ತೇನ್ರೀ? ಕಾಲು ಮಡಚಿ, ಊಟದ ಪಂಕ್ತಿಗೆ ಕೂತಂಗ.”

“ಏನ್ ಬಡಿಸಿದ್ರು?”

“ನಗಬ್ಯಾಡ್ರಿ. ನಿಮ್ಮ ಕೈಲೆ ಆಗೂದಿಲ್ಲ.”

ನಾನು ಹೊಲದ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವನು. ಮೂರು ಮಾರು ಮುಳುಗಿ ತಳದ ಕೆಸರು ತಂದು ಎಲ್ಲರಿಗೂ ತೋರಿಸಿದವನು. ಮುಂದಿನ ರವಿವಾರ ನಾನೂ ಫೀ ಕಟ್ಟಿದೆ.

ಕೊಳದ ಪಾಠ ಮುಗಿದ ಮೇಲೆ ಮಿಲಿಂದ ಸಮುದ್ರದ ಪಾಠಕ್ಕೆ ಥೈಲ್ಯಾಂಡಿನ ಕೊ ತಾವ್ ದ್ವೀಪಕ್ಕೆ ಹೋಗಲು ಹೇಳಿದ. “ಕಂಪ್ಯೂಟರ್ ಅಲ್ಲೇ ಕೊಳ್ಳಿ, ಪುಣೆಯಲ್ಲಿ ಸಿಗುವುದಿಲ್ಲ” ಎಂದವನು ನನ್ನ ಮುಖ ನೋಡಿ ಯಾಕೋ ಮರಾಠಿಯಲ್ಲಿ ಸೇರಿಸಿದ: “ಕಾಕಾ, ಸಾಧಾ ಘ್ಯಾ. ಲೋಭ ನಕೋ.” ಸಾದಾದ್ದು ತಗೊಳ್ಳಿ, ಆಸೆ ಬೇಡ. ವ್ಯಾಪಾರಿಗೆ ಇಂಥ ಮಾತು ಹೇಳುವುದು ಹಸುವಿಗೆ ಹುಲ್ಲು ತೋರಿಸಿ ಉಪವಾಸ ಮಾಡು ಎಂದ ಹಾಗೆ.

ಇನ್ನೊಂದು ವಿಷಯ ಈಗಲೇ ಹೇಳಬೇಕು. ನನಗೆ ಚಾಳೀಸು ಬಂದಿತ್ತು. ಕನ್ನಡಕವಿಲ್ಲದೆ ಓದಬೇಕೆಂದರೆ ಪೇಪರನ್ನು ಕೈ ಚಾಚಿ ಹಿಡಿಯುತ್ತಿದ್ದೆ. ಕೈ ಸಾಲದಾದಾಗ ಶೈಲಾ, “ತರ್ರಿ ಇಲ್ಲೆ, ಬಾಗಲದಾಗ ನಿಂತು ಹಿಡೀತೀನಿ” ಎನ್ನುತ್ತಿದ್ದಳು. ದೂರದ್ದು ಮಾತ್ರ ನನಗೆ ಇವತ್ತಿಗೂ ಹದ್ದಿನ ಹಾಗೆ ಕಾಣುತ್ತದೆ. ಆಚೆ ಸಾಲಿನ ಅಂಗಡಿಯವನು ಹಲಗೆಯ ಮೇಲೆ ಬರೆದ ದರ ನಾನು ಇಲ್ಲಿಂದಲೇ ಓದುತ್ತೇನೆ.

ಮೊದಲ ದಿನ: ನೊಯ್ ಅಕ್ಕನ ಅಂಗಡಿ

ಎಕ್ಸ್‌ಪ್ರೆಸ್‌ವೇ ಆಗಿ ಹೆಚ್ಚು ವರ್ಷವಾಗಿರಲಿಲ್ಲ. ಮುಂಬೈ ಬೇಗ ಮುಟ್ಟಿದೆವು. ಮುಂದೆ ವಿಮಾನ, ಬಸ್ಸು, ದೊಡ್ಡ ದೋಣಿ. ದೋಣಿಯಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರಕ್ಕೆ ಹೋಯಿತು. ಶೈಲಾ ಪಕ್ಕದಲ್ಲಿ ಕೂತು ಕಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದಳು.

ಆ ದೇಶದಲ್ಲಿ ಅಂಗಡಿಗೂ ಚಪ್ಪಲಿ ಬಿಟ್ಟೇ ಹೋಗಬೇಕು. ಅದು ನನಗೆ ಹಿಡಿಸಿತು, ನಮ್ಮ ಗಾದಿಯೂ ಹಾಗೆಯೇ. ಹೊಸ ಚಪ್ಪಲಿ ಕಳುವಾಗಬಾರದೆಂದು ಊರಲ್ಲಿ ಮಾಡುವ ಹಾಗೆ ಒಂದನ್ನು ಬಾಗಿಲಿನ ಈ ಕಡೆ, ಇನ್ನೊಂದನ್ನು ಆ ಕಡೆ ಬಿಟ್ಟೆ. ಅಂಗಡಿಯ ಒಡತಿ ಹೊರಗೆ ಬಂದು ಎರಡನ್ನೂ ಜೋಡಿಸಿ ಅಚ್ಚುಕಟ್ಟಾಗಿ ಇಟ್ಟು, ನನ್ನನ್ನು ನೋಡಿ ನಕ್ಕಳು. ಎಂಥ ಗಿರಾಕಿ ಬಂದಿದ್ದಾನೆಂದು ಅವಳಿಗೆ ಆಗಲೇ ಗೊತ್ತಾಗಿರಬೇಕು.

ಅವಳ ಹೆಸರು ನೊಯ್. ನನಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಅಲ್ಲಿ ದೊಡ್ಡವರನ್ನು ‘ಪೀ’ ಸೇರಿಸಿ ಕರೆಯುತ್ತಾರೆ, ನಾವು ಅಣ್ಣ ಅಕ್ಕ ಎಂದ ಹಾಗೆ. ಶೈಲಾ ಎರಡನೇ ಮಾತಿಗೇ ಅವಳನ್ನು ನೊಯ್ ಅಕ್ಕ ಮಾಡಿಕೊಂಡಳು. ನನ್ನ ದಂಧೆ ಕೇಳಿದ ಮೇಲೆ ನಾನು ಅವಳಿಗೆ ‘ಮಿಸ್ಟರ್ ಚಿಲ್ಲಿ’ ಆದೆ.

ಗಾಜಿನ ಪೆಟ್ಟಿಗೆಯಲ್ಲಿ ಕಂಪ್ಯೂಟರುಗಳು ಸಾಲಾಗಿದ್ದವು. ನೊಯ್ ಮೊದಲು ತೆಗೆದದ್ದು ದುಂಡನೆಯ, ಒಂದೇ ಗುಂಡಿಯ ಮಾಲು. ಪರದೆಯ ಮೇಲೆ ಮೂರೇ ಅಂಕಿ, ಇಷ್ಟಿಷ್ಟು ದಪ್ಪ.

“ಮೊದಲ ಸಲ? ಇದು ಒಳ್ಳೆಯದು” ಎಂದಳು.

ನನ್ನ ಕಣ್ಣು ಪಕ್ಕದ್ದರ ಮೇಲಿತ್ತು. ಅದಕ್ಕೆ ನಾಲ್ಕು ಗುಂಡಿ. ಆಳ, ಸಮಯ, ನೀರಿನ ಶಾಖ, ದಿಕ್ಸೂಚಿ, ಅಲಾರಂ, ಹಿಂದಿನ ಮುಳುಗುಗಳ ನೆನಪು, ಇನ್ನೂ ಏನೇನೋ. ಎರಡರ ಬೆಲೆಗೂ ವ್ಯತ್ಯಾಸ ತೀರಾ ಕಡಿಮೆ. ನೀವೇ ಹೇಳಿ, ಹೆಚ್ಚುಕಡಿಮೆ ಒಂದೇ ದರಕ್ಕೆ ಒಬ್ಬ ಮೂರು ಅಂಕಿ ಕೊಡುತ್ತಾನೆ, ಒಬ್ಬ ಹನ್ನೊಂದು. ಯಾವನು ಮೂರು ತೆಗೆದುಕೊಳ್ಳುತ್ತಾನೆ?

ಚೌಕಾಸಿ ಶುರುವಾಯಿತು. ಅಲ್ಲಿ ಬಾಯಿಮಾತಿಲ್ಲ. ಅವಳು ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ತಿರುಗಿಸುತ್ತಾಳೆ, ನಾನು ಅಳಿಸಿ ನನ್ನ ಅಂಕಿ ಒತ್ತುತ್ತೇನೆ. ಅವಳು ಎದೆ ಹಿಡಿದುಕೊಂಡು ಸತ್ತ ಹಾಗೆ ನಟಿಸುತ್ತಾಳೆ, ನಾನು ಬಾಗಿಲವರೆಗೆ ಹೋಗಿ ಬರುತ್ತೇನೆ. ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ನಮ್ಮ ಹಳೆಯ ದಲಾಲರು ನೆನಪಾದರು. ನಮ್ಮದು ಗುಟ್ಟು, ಇವರದು ನಾಟಕ, ಅಷ್ಟೇ ಫರಕು. ಕೊನೆಗೆ ನಾನು ಹೇಳಿದ ದರಕ್ಕೆ ಸ್ವಲ್ಪ ಮೇಲೆ ಒಪ್ಪಿದಳು.

“ಎಷ್ಟು? ಎರಡು?” ಎಂದು ಕೇಳಿದಳು.

“ಒಂದೇ ಸಾಕು. ನಾವಿಬ್ಬರೂ ಜೊತೆಗೇ ಮುಳುಗುತ್ತೇವೆ” ಎಂದೆ. ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಒಂದೇ ಇದೆ, ಇಬ್ಬರಿಗೂ ಒಂದೇ ಹೊತ್ತು ತೋರಿಸುತ್ತದೆ.

“ಅಲ್ರೀ, ಅದರ ಅಕ್ಷರ ನಿಮಗ ಕಾಣ್ತಾವೇನು?” ಎಂದಳು ಶೈಲಾ.

“ಮುತ್ತಿನಂಗ ಕಾಣ್ತಾವ.”

ಕಾಣದೆ ಏನು? ಮೂಗಿನ ಮೇಲೆ ಚಾಳೀಸು ಇತ್ತು.

ಎರಡನೇ ದಿನ: ಇಪ್ಪತ್ತೊಂಬತ್ತು

ನಮಗೆ ಸಮುದ್ರದ ಪಾಠ ಹೇಳಲು ಬಂದವನು ಪೆಕ್ಕಾ, ಫಿನ್ಲೆಂಡಿನವನು. ಮಾತು ಕಡಿಮೆ. ಒಂದು ಪ್ರಶ್ನೆ ಕೇಳಿದರೆ ಮೊದಲು ಸಮುದ್ರ ನೋಡಿ, ಆಮೇಲೆ ನಮ್ಮನ್ನು ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದ. ನಮ್ಮ ಯಾರ್ಡಿನಲ್ಲಿ ಅಷ್ಟು ಹೊತ್ತಿಗೆ ಎರಡು ಲಾರಿ ಖಾಲಿಯಾಗಿರುತ್ತವೆ.

ದೋಣಿಯಲ್ಲಿ ನನ್ನ ಕೈ ನೋಡಿದ. ಶೈಲಾಳ ಬರಿಗೈ ನೋಡಿದ.

“ಅವರದ್ದು ಎಲ್ಲಿ?”

“ಇದೇ. ಇಬ್ಬರದೂ.”

ಅವನು ಸಮುದ್ರ ನೋಡಿದ. “ಅದು ಗಡಿಯಾರವಲ್ಲ. ಅದು ಒಬ್ಬರ ಮೈಯ ಲೆಕ್ಕ ಇಡುತ್ತದೆ. ಅವರು ಎರಡು ಮೀಟರ್ ಕೆಳಗೆ ಹೋದರೆ ನಿಮ್ಮ ಕೈಗೆ ಗೊತ್ತಾಗುವುದಿಲ್ಲ” ಎಂದ. ಆ ದಿನದ ಮಟ್ಟಿಗೆ ತನ್ನ ಹಳೆಯದೊಂದನ್ನು ಶೈಲಾಳಿಗೆ ಕಟ್ಟಿದ. ಇನ್ನೊಂದು ಮಾರಲು ನೊಯ್ ಜೊತೆ ಇವನದೂ ಪಾಲಿದೆ ಎಂದುಕೊಂಡು ನಾನು ಮನಸ್ಸಿನಲ್ಲೇ ನಕ್ಕೆ.

ನೀರಿಗಿಳಿದೆವು. ಹಳದಿ ಪಟ್ಟೆಯ ಮೀನುಗಳು ಮದುವೆ ಮನೆಯ ಮಕ್ಕಳ ಹಾಗೆ ಕಾಲಲ್ಲೇ ಸುತ್ತುತ್ತಿದ್ದವು. ಬಾವಿಯಲ್ಲಿ ಕಂಡದ್ದು ಕೆಸರು ಒಂದೇ, ಇಲ್ಲಿ ಬಣ್ಣದ ಸಂತೆ. ಪೆಕ್ಕಾ ತನ್ನ ಮಣಿಕಟ್ಟು ತಟ್ಟಿ ‘ನಿಮ್ಮದು ನೋಡಿ’ ಎಂದು ಸನ್ನೆ ಮಾಡಿದ. ಮುಳುಗುವ ಕನ್ನಡಕದೊಳಗೆ ಚಾಳೀಸು ಹಾಕಲಾಗುವುದಿಲ್ಲ, ಕೈ ಎತ್ತಿ ನೋಡಿದರೆ ಮಂಜು. ನೀರಿನಲ್ಲಿ ವಸ್ತು ದೊಡ್ಡದಾಗಿ ಕಾಣುತ್ತದೆ, ಆದರೆ ಹತ್ತಿರವೂ ಬಂದ ಹಾಗಾಗುತ್ತದೆ. ಚಾಳೀಸಿನವನಿಗೆ ಹತ್ತಿರ ಬಂದದ್ದೇ ಶತ್ರು. ಕೈ ಚಾಚಿದೆ. ಇನ್ನೂ ಚಾಚಿದೆ. ಹನ್ನೊಂದು ಅಂಕಿಗಳೂ ಇರುವೆ ಸಾಲಿನಂತೆ ಹರಿದಾಡಿದವು. ಮೂಲೆಯಲ್ಲಿ ಒಂದು ಮಾತ್ರ ಸ್ಪಷ್ಟವಾಯಿತು: ಇಪ್ಪತ್ತೊಂಬತ್ತು.

ನಾವು ಹತ್ತು ಮೀಟರಿನ ಕೆಳಗೆ ಹೋಗಬಾರದೆಂದು ಪೆಕ್ಕಾ ಹೇಳಿದ್ದ. ಇಪ್ಪತ್ತೊಂಬತ್ತು ಮೀಟರ್! ಹದಿನಾರು ಮಾರು! ಶೈಲಾಳ ಕಾಲಿನ ರಬ್ಬರ್ ರೆಕ್ಕೆ ಹಿಡಿದು ಎಳೆದೆ, ಹೆಬ್ಬೆರಳು ಮೇಲೆ ಮಾಡಿದೆ, ನಾನೇ ಹೊರಟೂಬಿಟ್ಟೆ. ಮಣಿಕಟ್ಟು ಕಿಂಯ್ ಕಿಂಯ್ ಎಂದು ಕಿರುಚತೊಡಗಿತು. ಅಯ್ಯೋ, ಕಂಪ್ಯೂಟರೂ ಹೆದರಿದೆ ಎಂದು ಇನ್ನೂ ಜೋರಾಗಿ ಕಾಲು ಬಡಿದೆ. ಅದು ಕಿರುಚುತ್ತಿದ್ದದ್ದು ‘ನಿಧಾನ ಹೋಗೋ ಪುಣ್ಯಾತ್ಮ’ ಎಂದು. ಪೆಕ್ಕಾ ಕೆಳಗಿನಿಂದ ನನ್ನ ಕಾಲು ಹಿಡಿದು, ಹುಚ್ಚೆದ್ದ ಹೋರಿಯನ್ನು ತಡೆದ ಹಾಗೆ ತಡೆದು ನಿಲ್ಲಿಸಿದ.

ದೋಣಿಗೆ ಬಂದ ಮೇಲೆ ಅವನು ನನ್ನ ಕೈ ಹಿಡಿದು ನೋಡಿದ.

“ಆಳ ಒಂಬತ್ತು ಇತ್ತು. ಇಪ್ಪತ್ತೊಂಬತ್ತು ಎಂದರೆ ನೀರಿನ ಶಾಖ.”

ಶೈಲಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಲುಗುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

ಪೆಕ್ಕಾ ಮಾತ್ರ ನಗಲಿಲ್ಲ. “ನಾಳಿದ್ದು ಹೊರಗಿನ ಬಂಡೆಗೆ ಹೋಗುತ್ತೇವೆ. ಅದು ಹದಿನೆಂಟು ಮೀಟರ್. ಬರುವವರು ತಮ್ಮ ಕೈಯಲ್ಲಿರುವುದನ್ನು ತಾವೇ ಓದಬೇಕು. ಓದಲಾಗದವರು ದೋಣಿಯಲ್ಲಿ ಕೂರಬೇಕು.”

“ನಮ್ಮವರು ಬರಲಿಕ್ಕಿಲ್ಲ ಅಂದ್ರ ನಾ ಒಬ್ಬಾಕಿನ ಹೋಗ್ತೀನಿ” ಎಂದು ಶೈಲಾ ಕನ್ನಡದಲ್ಲಿ ನನಗೆ, ಇಂಗ್ಲಿಷಿನಲ್ಲಿ ಅವನಿಗೆ ಹೇಳಿದಳು. “ನೀವು ದೋಣ್ಯಾಗ ಕೂತು ಶಾಖ ಎಷ್ಟದ ನೋಡಿಕೋತ ಇರ್ರಿ.”

ಇಷ್ಟು ದೂರ ಬಂದು, ಅವಳು ಕಂಡದ್ದನ್ನು ಜನ್ಮವಿಡೀ ಅವಳ ಬಾಯಿಂದ ಕೇಳುವುದೇ? ಅದಾಗದ ಮಾತು.

ಅದೇ ಮಧ್ಯಾಹ್ನ: ವಾಪಸ್ ಇಲ್ಲ

ನೊಯ್ ಮಾವಿನಕಾಯಿ ಹೆಚ್ಚಿ, ಉಪ್ಪು ಸಕ್ಕರೆ ಖಾರದ ಪುಡಿಯಲ್ಲಿ ಅದ್ದಿ ತಿನ್ನುತ್ತಿದ್ದಳು. ನಾನು ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ಬದಲಿಸಿ ಕೊಡು ಎಂದೆ. ಅವಳು ಹೋಳು ಹಿಡಿದ ಬೆರಳಿನಿಂದಲೇ ಗೋಡೆಯ ಮೇಲಿನ ಚೀಟಿ ತೋರಿಸಿದಳು: ನೀರು ಮುಟ್ಟಿದ ಮಾಲು ವಾಪಸ್ ಇಲ್ಲ.

“ನಿಮ್ಮ ಅಂಗಡ್ಯಾಗೂ ಅದನ್ನ ಬರಸೀರಲ್ಲ” ಎಂದಳು ಶೈಲಾ. “ಗೇಟ್ ದಾಟಿದ ಮೂಟೆ ವಾಪಸ್ ಇಲ್ಲ ಅಂತ. ಕೆಂಪು ಬಣ್ಣದಾಗ.”

“ನೀ ಯಾರ ಕಡೆ?”

“ನಾ ಬಂಡೆ ಕಡೆ.”

ವಾದಕ್ಕೆ ದಾರಿ ಇರಲಿಲ್ಲ. ಶೈಲಾಳೇ ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿ ತೆಗೆದು ನೊಯ್ ಮುಂದಿಟ್ಟಳು. ನೊಯ್ ಮಾವಿನ ಹೋಳನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟಳು. ಇನ್ನೊಂದು ಹೋಳು ಅದ್ದಿದಳು. ಇದಕ್ಕೆ ಖಾರ ಸಾಲದೆಂದು ಕಿರುಬೆರಳಿನ ಉಗುರಿನಷ್ಟಿದ್ದ ಒಂದು ಹಸಿಮೆಣಸಿನಕಾಯಿ ಕಚ್ಚಿ, ನನಗೂ ಒಂದು ಕೊಟ್ಟಳು. ನಾನು ಮೆಣಸಿನಕಾಯಿಯಲ್ಲೇ ಕೂದಲು ನರೆಸಿಕೊಂಡವನು, ಹಿಂದೆಮುಂದೆ ನೋಡದೆ ಅಗಿದೆ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ರಾಜ, ಖಾರಕ್ಕೆ ಸಾಧು. ಅವರದು ನೋಡಲು ಸಾಧು. ಕಣ್ಣೀರು ಧಾರೆಯಾಗಿ ಇಳಿಯಿತು. ನನ್ನ ಅಳು ನೋಡಿ ನೊಯ್ ಮನಸ್ಸು ಕರಗಿತೋ, ಹಿಂಡಿಗೆ ಕರಗಿತೋ, ಕ್ಯಾಲ್ಕುಲೇಟರ್ ತೆಗೆದಳು. ನಿನ್ನೆ ಕೊಂಡದ್ದನ್ನು, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ಕಡಿತ ಮಾಡಿ, ವಾಪಸ್ ಪಡೆಯುತ್ತಾಳೆ. ಆದರೆ ನಾನು ಎರಡು ಹೊಸದು ಕೊಳ್ಳಬೇಕು, ಮಾಲಿಗೆ ಅಂಟಿಸಿದ ದರಕ್ಕೆ. ಡಬ್ಬಿ ಅವಳಿಗೆ.

ಬಾಯಿ ಉರಿಯುವಾಗ ಚೌಕಾಸಿ ಮಾಡಲಾಗುವುದಿಲ್ಲ. ಆದರೂ ಒಂದು ಷರತ್ತು ಹಾಕಿದೆ: “ಈ ಸಲ ತಳದ ಮಾದರಿ ನೋಡಿಯೇ ಎತ್ತುತ್ತೇನೆ.”

ಅವಳಿಗೆ ಅರ್ಥವಾಗಲಿಲ್ಲ. ತೋಳು ಮೇಲೇರಿಸಿ, ಮೂಟೆಯ ತಳಕ್ಕೆ ಕೈ ತೂರಿಸುವ ಅಭಿನಯ ಮಾಡಿ, ಆಮೇಲೆ ಸಮುದ್ರ ತೋರಿಸಿದೆ. ಅವಳಿಗೆ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಿರಾಕಿಗಳಿಗೆ ಬಾಡಿಗೆಗೆ ಕೊಡುವ ಹಳೆಯ ಮಾಲು ನಾಲ್ಕು ಥರದ್ದಿತ್ತು. ಎಲ್ಲವನ್ನೂ ತೆಗೆದು ನನ್ನ ಎರಡೂ ಕೈಗೆ ತಾನೇ ಕಟ್ಟಿದಳು.

“ಚಂದ ಕಾಣ್ತೀರಿ” ಎಂದಳು ಶೈಲಾ. “ಬಳಿಗಾರನ ಮುಂದ ಕೂತ ಮದಲಗಿತ್ತಿಯಂಗ.”

ಮೂರನೇ ದಿನ: ಆರು ಮೀಟರ್ ಕೆಳಗಿನ ಅಂಗಡಿ

ಪೆಕ್ಕಾ ನನ್ನ ಬಳೆಗಳನ್ನು ನೋಡಿ, ಸಮುದ್ರ ನೋಡಿ, ಮೊದಲ ಸಲ ನಕ್ಕ. ದಡದ ಹತ್ತಿರದ ಮರಳಿನ ಮೇಲೆ, ಆರು ಮೀಟರ್ ಕೆಳಗೆ ಮೂವರೂ ಮಂಡಿಯೂರಿ ಕೂತೆವು. ನನ್ನ ಜೀವನದ ಅತಿ ಶಾಂತ ಖರೀದಿ ಅದು. ಒಬ್ಬರೂ ಬಾಯಿ ತೆರೆಯುವ ಹಾಗಿಲ್ಲ.

ಒಂದನೆಯದರಲ್ಲಿ ಆಳ ನೋಡಲು ಗುಂಡಿ ಒತ್ತಬೇಕು, ಒತ್ತಿದ ಕೂಡಲೇ ಉಳಿದದ್ದು ಮಾಯ. ಎರಡನೆಯದರ ಅಂಕಿ ದೊಡ್ಡದಿತ್ತು, ಆದರೆ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಶಾಖವೂ ಇತ್ತು. ಶಾಖದ ಸಹವಾಸ ನನಗೆ ಸಾಕಾಗಿತ್ತು. ಮೂರನೆಯದರ ಗಾಜು ಬೆಳಕಿಗೆ ಕನ್ನಡಿಯ ಹಾಗೆ ಹೊಳೆದು ನನ್ನ ಮೀಸೆಯನ್ನೇ ತೋರಿಸಿತು. ನಾಲ್ಕನೆಯದು ನೊಯ್ ಮೊದಲ ದಿನವೇ ಮುಂದಿಟ್ಟ ದುಂಡನೆಯ ಮಾಲಿನ ಅಣ್ಣತಮ್ಮ. ಮೇಲೆ ಆಳ, ನಡುವೆ ಉಳಿದ ನಿಮಿಷ, ಕೆಳಗೆ ಕಳೆದ ನಿಮಿಷ. ಮಂಜು ಇತ್ತು ನಿಜ, ಮಂಜಿನಲ್ಲೂ ಲಾರಿಯ ನಂಬರು ಓದುವ ಹಾಗೆ ಓದಬಹುದಿತ್ತು.

ಪೆಕ್ಕಾ ಪರೀಕ್ಷೆ ಶುರು ಮಾಡಿದ. ಆಳ ಎಷ್ಟು? ಆರು ಬೆರಳು ತೋರಿಸಿದೆ. ಸ್ವಲ್ಪ ಮೇಲೆ ಕರೆದೊಯ್ದು ಮತ್ತೆ ಕೇಳಿದ. ನಾಲ್ಕು. ಬೆರಳಿನ ಲೆಕ್ಕದಲ್ಲಿ ನನ್ನನ್ನು ಸೋಲಿಸುವವರುಂಟೇ? ಅವನು ತಲೆಯಾಡಿಸಿದ. ಶೈಲಾ ನೀರಿನಲ್ಲೇ ಕೈ ಮುಗಿದಳು, ನನಗೋ ಕಂಪ್ಯೂಟರಿಗೋ ತಿಳಿಯಲಿಲ್ಲ.

ಆ ಮಧ್ಯಾಹ್ನ ಅದೇ ಜಾತಿಯ ಹೊಸದು ಎರಡು ಕೊಂಡೆವು. ಬ್ಯಾಟರಿ ಮನೆಯಲ್ಲೇ ಬದಲಿಸಬಹುದೇ ಎಂದು ಮಾತ್ರ ಕೇಳಿದೆ. ನೊಯ್ ಒಂದು ನಾಣ್ಯದಿಂದ ಹಿಂದಿನ ಮುಚ್ಚಳ ತಿರುಗಿಸಿ ತೋರಿಸಿದಳು.

ಕೊನೆಯ ದಿನ: ಹೊರಗಿನ ಬಂಡೆ

ಬಂಡೆ ನೀರಿನ ಮೇಲೆ ಕಾಣುವುದಿಲ್ಲ. ಹಗ್ಗ ಹಿಡಿದು ಇಳಿದರೆ ನೀಲಿಯೊಳಗಿಂದ ಕೋಟೆಯ ಬುರುಜಿನ ಹಾಗೆ ಎದ್ದು ಬರುತ್ತದೆ. ಅದು ಆ ದಿನದ ಎರಡನೆಯ ಮುಳುಗು. ಮೊದಲನೆಯದರ ಗಾಳಿ ಮೈಯಲ್ಲಿ ಇನ್ನೂ ಉಳಿದಿರುವುದರಿಂದ ಈ ಸಲ ಸಿಗುವ ನಿಮಿಷ ಕಡಿಮೆ. ನನ್ನ ಒಂದು ಕಿವಿ ಹಟ ಹಿಡಿದದ್ದರಿಂದ ನಾನು ಹನ್ನೆರಡು ಮೀಟರಿನಲ್ಲೇ ತೇಲುತ್ತಿದ್ದೆ. ಪೆಕ್ಕಾ ನನ್ನ ಪಕ್ಕ. ಶೈಲಾ ನಮ್ಮ ಕಣ್ಣೆದುರೇ ಬಂಡೆಯ ಬುಡದಲ್ಲಿ, ಒಂದು ಬಿರುಕಿನ ಮುಂದೆ. ಒಳಗೆ ಹಾವಿನಂಥ ದಪ್ಪ ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅವಳು ಅದರ ಜೊತೆ ಮಾತಿಗೆ ಕೂತ ಹಾಗಿದ್ದಳು. ನೆರೆಮನೆಯವರ ಜೊತೆ ಮಾತಿಗೆ ಕೂತರೂ ಅವಳು ಹಾಗೆಯೇ, ಹಾಲು ಉಕ್ಕಿದರೂ ಗೊತ್ತಾಗುವುದಿಲ್ಲ.

ನನ್ನ ಕೈ ನೋಡಿದೆ. ಕಣ್ಣು ಕಿರಿದು ಮಾಡಿದ ಮೇಲೆ ಓದಲಾಯಿತು: ಇನ್ನು ಹತ್ತೊಂಬತ್ತು ನಿಮಿಷ. ಧಾರಾಳ ಇದೆ ಎಂದುಕೊಂಡು ಕೆಳಗೆ ನೋಡಿದೆ. ಶೈಲಾ ಒಂದು ಕೈಯಿಂದ ಬಂಡೆಯ ಕಡೆಗೆ ಏನೋ ತೋರಿಸುತ್ತಿದ್ದಳು, ಮಣಿಕಟ್ಟು ನನ್ನ ಕಡೆ ತಿರುಗಿತ್ತು. ಮೂರು ಮಾರು ದೂರ. ನನ್ನ ಕೈಯಲ್ಲಿ ಮಂಜಾಗಿದ್ದ ಅಂಕಿ ಅವಳ ಕೈಯಲ್ಲಿ ಆಚೆ ಸಾಲಿನ ದರದ ಹಲಗೆಯ ಹಾಗೆ ಕಂಡಿತು.

ನಾಲ್ಕು.

ಇಬ್ಬರೂ ಒಟ್ಟಿಗೆ ಇಳಿದವರು. ನನಗೆ ಹತ್ತೊಂಬತ್ತು, ಅವಳಿಗೆ ನಾಲ್ಕು. ಆ ಆರು ಮೀಟರ್ ಅಂತರ ಅಷ್ಟನ್ನು ತಿಂದಿತ್ತು. ಪೆಕ್ಕಾ ದೋಣಿಯಲ್ಲಿ ಹೇಳಿದ್ದು ಆಗ ಪೂರ್ತಿ ಅರ್ಥವಾಯಿತು. ಒಂದೇ ಕಂಪ್ಯೂಟರ್ ಕೊಂಡು ನಾನೇ ಕಟ್ಟಿಕೊಂಡಿದ್ದರೆ, ಅದು ಧಾರಾಳವಾಗಿ ಹತ್ತೊಂಬತ್ತು ಎನ್ನುತ್ತಿತ್ತು. ನಾನು ಧಾರಾಳವಾಗಿ ತೇಲುತ್ತಿದ್ದೆ. ಅವಳು ಅಲ್ಲೇ ಕೂತಿರುತ್ತಿದ್ದಳು.

ಪೆಕ್ಕಾನ ತೋಳು ತಟ್ಟಿ ಕೆಳಗೆ ತೋರಿಸಿ ನಾಲ್ಕು ಬೆರಳು ಎತ್ತಿದೆ. ಅವನು ಸಮುದ್ರ ನೋಡುವ ಗೊಡವೆಗೆ ಹೋಗಲಿಲ್ಲ. ಸಿಲಿಂಡರಿಗೆ ಚಾಕುವಿನ ಹಿಡಿ ಬಡಿದು ಟಣ್ ಟಣ್ ಸದ್ದು ಮಾಡಿದ. ಶೈಲಾ ತಲೆ ಎತ್ತಿದಳು. ನಾನು ನನ್ನ ಮಣಿಕಟ್ಟು ತಟ್ಟಿ, ನಾಲ್ಕು ಬೆರಳು ತೋರಿಸಿ, ಹೆಬ್ಬೆರಳು ಮೇಲೆ ಮಾಡಿದೆ. ಅವಳು ತನ್ನ ಕೈ ನೋಡಿಕೊಂಡಳು. ಮುಳುಗುವ ಕನ್ನಡಕದೊಳಗೆ ಅವಳ ಕಣ್ಣು ಅಗಲವಾದದ್ದೂ ನನಗೆ ಕಾಣಿಸಿತು. ಮೀನಿಗೆ ಬೆನ್ನು ತಿರುಗಿಸಿ ನಿಧಾನವಾಗಿ, ತನ್ನ ಕಂಪ್ಯೂಟರ್ ಒಂದು ಸಲವೂ ಕಿರುಚದ ಹಾಗೆ ಮೇಲೆ ಬಂದು ನನ್ನ ಕೈ ಹಿಡಿದಳು. ಮೈಯೊಳಗಿನ ಗಾಳಿ ನಿಧಾನವಾಗಿ ಹೊರಗೆ ಹೋಗಲೆಂದು ಹಗ್ಗದ ಹತ್ತಿರ ಐದು ಮೀಟರಿನಲ್ಲಿ ಎಲ್ಲರೂ ಸ್ವಲ್ಪ ಹೊತ್ತು ನಿಲ್ಲಬೇಕು. ಆ ಹೊತ್ತೂ ಕೈ ಬಿಡಲಿಲ್ಲ.

ದೋಣಿಯಲ್ಲಿ ಜಡೆ ಹಿಂಡುತ್ತಾ ಕೇಳಿದಳು: “ನಿಮ್ಮದ ನಿಮಗ ಕಾಣೂದಿಲ್ಲ, ನಂದು ಅಷ್ಟು ದೂರದ್ದು ಹೆಂಗ ಕಂಡಿತ್ರೀ?”

“ಮುತ್ತಿನಂಗ ಕಂಡಿತು” ಎಂದೆ. ಈ ಸಲ ಮೂಗಿನ ಮೇಲೆ ಚಾಳೀಸು ಇರಲಿಲ್ಲ.

ಪೆಕ್ಕಾ ನಮ್ಮ ಕೊನೆಯ ಕಡಕ್ ರೊಟ್ಟಿ ಮುರಿಯುತ್ತಾ ಸಮುದ್ರ ನೋಡಿದ. “ಚೆನ್ನಾಗಿ ಓದಿದಿರಿ” ಎಂದ.

ಕೊಳ್ಳಲು ಹೊರಟವರಿಗೆ

ನೀವು ಮೊದಲ ಡೈವ್ ಕಂಪ್ಯೂಟರ್ ಕೊಳ್ಳಲು ಹೊರಟಿದ್ದರೆ ಅಂಗಡಿಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಚಾಳೀಸನ್ನೂ ಬಿಡಿ. ಅದನ್ನು ಹಾಕಿಕೊಂಡು ಓದಿದ ಮಾಲು ಮೂಟೆಯ ಬಾಯಿಯ ಮಾಲು. ಬಾಡಿಗೆಯದನ್ನು ಕೇಳಿ ಪಡೆದು ನೀರಿನೊಳಗೆ ನೋಡಿ. ಅದಾಗದಿದ್ದರೆ ಬಕೆಟ್ಟಿನಲ್ಲಾದರೂ ಮುಳುಗಿಸಿ, ದೀಪ ಆರಿಸಿ ನೋಡಿ. ಆಳ, ಕಳೆದ ಹೊತ್ತು, ಉಳಿದ ಹೊತ್ತು, ಈ ಮೂರೂ ಅಂಕಿ, ಗುಂಡಿ ಒತ್ತದೆಯೇ, ದಪ್ಪಗೆ ಕಾಣಬೇಕು. ನಾಲ್ಕನೆಯ ಅಂಕಿಯನ್ನು ತೋರಿಸಿ ಹೊಗಳುವವನಿಗೆ ನನ್ನ ಇಪ್ಪತ್ತೊಂಬತ್ತರ ಕತೆ ಹೇಳಿ. ಬ್ಯಾಟರಿ ನೀವೇ ಬದಲಿಸುವಂಥದ್ದಿರಲಿ. ಇಬ್ಬರು ಹೋಗುವುದಾದರೆ ಎರಡು ಕೊಳ್ಳಿ. ಉಳಿತಾಯ ಬೇಕೆಂದರೆ ಹೋಟೆಲಿನಲ್ಲಿ ಮಾಡಿ, ಊಟದಲ್ಲಿ ಮಾಡಿ, ಇದರಲ್ಲಿ ಬೇಡ. ಚೀಲದಲ್ಲಿ ಒಂದು ಡಬ್ಬಿ ಶೇಂಗಾ ಹಿಂಡಿ ಇರಲಿ, ಕ್ಯಾಲ್ಕುಲೇಟರ್ ಕೈ ಕೊಟ್ಟಲ್ಲಿ ಅದು ನಡೆಯುತ್ತದೆ.

ಕಡೆಯ ಮಾತು. ನಿಮ್ಮ ಕೈಗೆ ಕಟ್ಟಿ ನೋಡಿದರೆ ಸಾಲದು. ಜೊತೆಗೆ ಮುಳುಗುವವರ ಕೈಗೆ ಕಟ್ಟಿಸಿ, ಅಂಗಡಿಯ ಆಚೆ ಗೋಡೆಗೆ ನಿಲ್ಲಿಸಿ, ಈಚೆಯಿಂದ ಓದಿ. ಓದಲಾದರೆ ಮಾತ್ರ ಚೌಕಾಸಿ ಶುರು ಮಾಡಿ.